ಬೆಂಗಳೂರಿನ ಹಳೇ ಗುರುತುಗಳು: ಜನರ ನೆನಪಿಗೆ ಕಾನೂನಿನಲ್ಲಿ ಜಾಗ ಎಲ್ಲಿದೆ?

ಸ್ಯಾಂಕಿ ರಸ್ತೆಯ ಕಾವೇರಿ ಚಿತ್ರಮಂದಿರ 1974ರಲ್ಲಿ ಶುರುವಾಗಿ 2024ರಲ್ಲಿ ಬಾಗಿಲು ಹಾಕಿತು. ಅದಕ್ಕಿಂತ ಮೊದಲು, 2018ರ ಕೊನೆಗೆ, ಬ್ರಿಗೇಡ್ ರಸ್ತೆಯ ರೆಕ್ಸ್ ಮುಚ್ಚಿತ್ತು. ಅದಕ್ಕೂ ಒಂದು ವರ್ಷ ಹಿಂದೆ ಮೆಜೆಸ್ಟಿಕ್‌ನ ಕಪಾಲಿ ಹೋಗಿತ್ತು. ಪ್ರತಿ ಸಲವೂ ನಡೆಯುವುದು ಒಂದೇ. ಹಳೇ ಫೋಟೋಗಳು ಫೋನಿಂದ ಫೋನಿಗೆ ಓಡುತ್ತವೆ. ಯಾರು ಯಾರ ಜೊತೆ ಯಾವ ಸಿನಿಮಾ ನೋಡಿದ್ದರು, ಬಾಲ್ಕನಿ ಟಿಕೆಟ್ ಎಷ್ಟಿತ್ತು, ಬ್ಲ್ಯಾಕ್‌ನಲ್ಲಿ ಎಷ್ಟಕ್ಕೆ ಸಿಗುತ್ತಿತ್ತು ಎಂಬ ಮಾತು ನಾಲ್ಕು ದಿನ ನಡೆಯುತ್ತದೆ. ಆಮೇಲೆ ಸುತ್ತಲೂ ತಗಡು ಬಡಿಯುತ್ತಾರೆ, ಒಳಗೆ ಒಡೆಯುವ ಕೆಲಸ ಶುರುವಾಗುತ್ತದೆ.

ಆ ನಾಲ್ಕು ದಿನದಲ್ಲಿ ಬಹಳ ಜನ ಕೇಳದೇ ಬಿಡುವ ಪ್ರಶ್ನೆ ಒಂದಿದೆ. ಇದನ್ನು ಉಳಿಸಿಕೊಳ್ಳಲು ಏನಾದರೂ ದಾರಿ ಇತ್ತಾ? ಕೇಳದೇ ಇರುವುದಕ್ಕೆ ಜನರ ಸೋಮಾರಿತನ ಕಾರಣ ಅಲ್ಲ. ಯಾರನ್ನು ಕೇಳಬೇಕು, ಯಾವ ಕಚೇರಿಗೆ ಹೋಗಬೇಕು ಎನ್ನುವುದೇ ಗೊತ್ತಿಲ್ಲ. ಬೆಂಗಳೂರಿನಲ್ಲಿ ಹಳೇ ಕಟ್ಟಡಗಳ ಎರಡು ಪಟ್ಟಿಗಳಿವೆ. ಒಂದು ಸರ್ಕಾರದ್ದು. ಇನ್ನೊಂದು ಊರಿನವರ ತಲೆಯಲ್ಲಿ ಇರುವುದು. ಸರ್ಕಾರದ ಪಟ್ಟಿಯಲ್ಲಿ ಅರಮನೆ, ಕೋಟೆ, ದೇವಸ್ಥಾನಗಳಿವೆ. ಜನರ ಪಟ್ಟಿಯಲ್ಲಿ ಥಿಯೇಟರ್, ಹೋಟೆಲ್, ಮಾರ್ಕೆಟ್, ಕಾರ್ಖಾನೆ, ಪುಸ್ತಕದಂಗಡಿ, ಕೆರೆ, ಮರ ಇವೆ. ಎರಡೂ ಪಟ್ಟಿಗಳಲ್ಲಿ ಸಿಗುವ ಹೆಸರುಗಳು ತುಂಬಾ ಕಮ್ಮಿ. ಇವತ್ತಿನ ಸಮಸ್ಯೆಯ ಬೇರು ಇಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ.

ಜನ ನೆನಪಿಟ್ಟುಕೊಳ್ಳುವುದು ಏನನ್ನು?

ಊರಿನ ಜನ ಒಂದು ಕಟ್ಟಡವನ್ನು ಗುರುತು ಮಾಡಿಕೊಳ್ಳುವುದು ಅದರ ವಯಸ್ಸು ನೋಡಿ ಅಲ್ಲ. ಅಲ್ಲಿ ಅವರಿಗೆ ಕೆಲಸ ಇತ್ತು, ಅದಕ್ಕೆ. ಎಂ.ಜಿ. ರಸ್ತೆಯ ಪ್ಲಾಜಾ ಥಿಯೇಟರ್ 1930ರ ದಶಕದ್ದು. ಮೆಟ್ರೋ ನಿಲ್ದಾಣಕ್ಕಾಗಿ ಅದು ಹೋಯಿತು. ಅದೇ ಮೆಟ್ರೋಗಾಗಿ ಎಂ.ಜಿ. ರಸ್ತೆಯ ಒಂದು ಬದಿಯ ಬುಲೆವಾರ್ಡ್ ಕೂಡ ಹೋಯಿತು. ಮರದ ನೆರಳಿನ ಆ ಕಾಲುದಾರಿಗೆ ಯಾವ ವಾಸ್ತುಶಿಲ್ಪದ ಹೆಗ್ಗಳಿಕೆಯೂ ಇರಲಿಲ್ಲ. ಆದರೆ ಹಳೇ ಎಂ.ಜಿ. ರಸ್ತೆಯ ಬಗ್ಗೆ ಮಾತಾಡುವವರು ಕಟ್ಟಡಗಳಿಗಿಂತ ಜಾಸ್ತಿ ನೆನೆಯುವುದು ಆ ನೆರಳನ್ನೇ. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೊದಲ ಮೆಟ್ರೋ 2011ರ ಅಕ್ಟೋಬರ್‌ನಲ್ಲಿ ಓಡಿತು. ಈಗ ಇಪ್ಪತ್ತರ ಹರೆಯದಲ್ಲಿ ಇರುವವರಿಗೆ ಆ ರಸ್ತೆ ಎಂದರೆ ಮೆಟ್ರೋ ಕಂಬಗಳ ರಸ್ತೆ.

ಇಂಡಿಯಾ ಕಾಫಿ ಹೌಸ್ ಕಥೆ ಸ್ವಲ್ಪ ಬೇರೆ. 2009ರಲ್ಲಿ ಅದು ಎಂ.ಜಿ. ರಸ್ತೆ ಬಿಟ್ಟು ಚರ್ಚ್ ಸ್ಟ್ರೀಟ್‌ಗೆ ಹೋಯಿತು. ಹೋಗುವಾಗ ತನ್ನ ಜೊತೆ ಪೇಟ ತೊಟ್ಟ ಮಾಣಿಗಳನ್ನೂ ಕಾಫಿಯನ್ನೂ ಕರೆದುಕೊಂಡು ಹೋಯಿತು. ಹಳೇ ಗಿರಾಕಿಗಳೂ ಹಿಂದೆಯೇ ಹೋದರು. ಗೋಡೆ ಹೋದರೂ ರೂಢಿ ಉಳಿದರೆ ಜನ ಅದನ್ನು ಪೂರ್ತಿ ಕಳೆದುಹೋಗಿದೆ ಎಂದು ಭಾವಿಸುವುದಿಲ್ಲ. ಅದೇ ವರ್ಷ ಚರ್ಚ್ ಸ್ಟ್ರೀಟ್ ಪಕ್ಕದ ಪ್ರೀಮಿಯರ್ ಪುಸ್ತಕದಂಗಡಿ ಮುಚ್ಚಿತು. ಅದು ಬೇರೆಲ್ಲೂ ತೆರೆಯಲಿಲ್ಲ. ಅದರ ನೋವು ಇವತ್ತಿಗೂ ಓದುವವರ ಮಾತಿನಲ್ಲಿ ಇದೆ.

ಬಸ್ಸಿನಲ್ಲಿ ಓಡಾಡುವವರಿಗೆ ಇನ್ನೊಂದು ವಿಷಯ ಗೊತ್ತು. ಕಟ್ಟಡ ಹೋದ ಮೇಲೂ ಹೆಸರು ಬಹಳ ಕಾಲ ಇರುತ್ತದೆ. ಮೆಜೆಸ್ಟಿಕ್ ಎನ್ನುವ ಥಿಯೇಟರ್ ಇಲ್ಲ, ಆದರೆ ರಾಜ್ಯದ ಯಾವ ಮೂಲೆಯಿಂದ ಬಸ್ ಹತ್ತಿದರೂ ಕಂಡಕ್ಟರ್ ಕೂಗುವುದು ಮೆಜೆಸ್ಟಿಕ್ ಎಂದೇ. ಮಿನರ್ವ ಸರ್ಕಲ್, ಲಿಡೋ ಇವೂ ಹೀಗೆಯೇ. ಹೊಸ ಊರಿಗೂ ಇದು ಬಂದಿದೆ. ಕೋರಮಂಗಲದ ಫೋರಂ ಮಾಲ್ 2004ರಲ್ಲಿ ತೆರೆಯಿತು. ಆಮೇಲೆ ಅದರ ಹೆಸರು ನೆಕ್ಸಸ್ ಎಂದಾಯಿತು. ಆಟೋದವರು, ಅಲ್ಲಿ ಹತ್ತಿರ ಬಾಡಿಗೆಗೆ ಇರುವ ಹುಡುಗರು ಈಗಲೂ ಫೋರಂ ಎನ್ನುತ್ತಾರೆ. ಇಪ್ಪತ್ತು ವರ್ಷ ಸಾಕು, ಒಂದು ತಲೆಮಾರಿಗೆ ಒಂದು ಕಟ್ಟಡ ತಮ್ಮದು ಅನ್ನಿಸಲು. ಹುಬ್ಬಳ್ಳಿಯಿಂದಲೋ ಬಿಹಾರದಿಂದಲೋ ಬಂದು ಮೊದಲ ಸಂಬಳ ಅಲ್ಲಿ ಖರ್ಚು ಮಾಡಿದವರಿಗೆ ಅದೇ ಅವರ ಬೆಂಗಳೂರು. ಹಳೇ ಬೆಂಗಳೂರಿನವರು ಇದನ್ನು ಕೀಳಾಗಿ ನೋಡಬಾರದು.

ನೂರು ವರ್ಷದ ಗೆರೆ

ಈಗ ಕಾನೂನಿನ ಕಡೆ ಬರೋಣ. ದೇಶದ ಮುಖ್ಯ ಕಾಯ್ದೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ. ಅದರ ಪ್ರಕಾರ ಸ್ಮಾರಕ ಎನ್ನಿಸಿಕೊಳ್ಳಲು ಕಟ್ಟಡಕ್ಕೆ ಕನಿಷ್ಠ 100 ವರ್ಷ ಆಗಿರಬೇಕು. ಕರ್ನಾಟಕಕ್ಕೂ 1961ರ ತನ್ನದೇ ಕಾಯ್ದೆ ಇದೆ. ಕೇಂದ್ರದ ರಕ್ಷಣೆ ಸಿಕ್ಕಿದ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರ ಆಚೆಯ 200 ಮೀಟರ್‌ಗೆ ಅನುಮತಿ ಬೇಕು. ಇದು ಗಟ್ಟಿ ರಕ್ಷಣೆ. ಹೈದರಾಲಿ 1781ರಲ್ಲಿ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ ಬೇಸಿಗೆ ಅರಮನೆಗೆ ಇದು ಸಿಗುತ್ತದೆ. ಕೋಟೆಯ ಉಳಿದ ತುಂಡಿಗೂ ಸಿಗುತ್ತದೆ.

ಆದರೆ ಬೆಂಗಳೂರು ದೊಡ್ಡ ಊರಾಗಿದ್ದು ಯಾವಾಗ? ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿದರು ನಿಜ. ದಂಡು, ಅಂದರೆ ಬ್ರಿಟಿಷ್ ಸೈನ್ಯದ ಕಂಟೋನ್ಮೆಂಟ್, ಬಂದಿದ್ದು 1809ರಲ್ಲಿ. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು 1898ರ ಪ್ಲೇಗಿನ ಹೊಡೆತಕ್ಕೆ ಸಿಕ್ಕು ಊರು ಹೊರಗೆ ಹಬ್ಬಿದಾಗ. ಪೇಟೆ ಮತ್ತು ದಂಡು ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ. ಇವತ್ತಿನ ಬೆಂಗಳೂರಿಗರು ನೆನೆಯುವ ಬಹುತೇಕ ಕಟ್ಟಡಗಳು 20ನೇ ಶತಮಾನದವು. ಪುರಭವನ 1935ರದ್ದು. ವಿದ್ಯಾರ್ಥಿ ಭವನ 1943ರದ್ದು. ವಿಧಾನಸೌಧದ ಅಡಿಗಲ್ಲು ಬಿದ್ದದ್ದು 1951ರಲ್ಲಿ, ಮುಗಿದದ್ದು 1956ರಲ್ಲಿ. ರವೀಂದ್ರ ಕಲಾಕ್ಷೇತ್ರ 1963ರದ್ದು. ನೂರು ವರ್ಷದ ಗೆರೆ ಎಳೆದರೆ ಇವೆಲ್ಲ ಹೊರಗೆ. ವಿಧಾನಸೌಧವನ್ನು ಯಾರೂ ಒಡೆಯುವುದಿಲ್ಲ, ಸರಿ. ಆದರೆ ಅದೇ ಕಾಲದ ಒಂದು ಹಾಸ್ಟೆಲ್, ಒಂದು ಥಿಯೇಟರ್, ಒಂದು ಮನೆ ಅಷ್ಟು ಅದೃಷ್ಟ ಮಾಡಿಲ್ಲ.

ಗೆರೆಯ ಈಚೆಗೆ ಇರುವುದನ್ನು ನೋಡಿಕೊಳ್ಳಬೇಕಾದದ್ದು ನಗರ ಯೋಜನೆಯ ಕಾನೂನು. ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡ ಎಂದರೆ ಏನು ಎಂಬ ವಿವರಣೆ ಇದೆ. ವಾಸ್ತು, ಸೌಂದರ್ಯ, ಇತಿಹಾಸ, ಸಂಸ್ಕೃತಿ ಈ ಯಾವ ಕಾರಣಕ್ಕಾದರೂ ಬೆಲೆಯುಳ್ಳ ಕಟ್ಟಡ ಆಗಬಹುದು. ನೂರು ವರ್ಷದ ಷರತ್ತು ಇಲ್ಲಿ ಇಲ್ಲ. ಓದಿದರೆ ಖುಷಿಯಾಗುತ್ತದೆ. ಆದರೆ ಯೋಜನಾ ಪ್ರಾಧಿಕಾರವೋ ಅಧಿಕಾರ ಇರುವ ಬೇರೆ ಸಂಸ್ಥೆಯೋ ಘೋಷಿಸಿದರೆ ಮಾತ್ರ ಅದು ಪಾರಂಪರಿಕ ಕಟ್ಟಡ. ಘೋಷಣೆ ಆಗುವವರೆಗೆ ಅದು ಬರೀ ಒಂದು ಸೈಟಿನ ಮೇಲಿನ ಹಳೇ ಕಟ್ಟಡ. ಮಾಲೀಕರು ಒಡೆಯಲು ಬಂದಾಗ ತಡೆಯಲು ಯಾರಿಗೂ ಹಕ್ಕಿಲ್ಲ.

ಇದಕ್ಕಾಗಿಯೇ ಹಿಂದೆ ಬೆಂಗಳೂರು ನಗರ ಕಲಾ ಆಯೋಗ ಎಂಬ ಒಂದು ಸಂಸ್ಥೆ ಇತ್ತು. ಊರಿನ ಅಂದ, ಹಳೇ ಕಟ್ಟಡಗಳ ವಿಷಯದಲ್ಲಿ ಸಲಹೆ ಕೊಡುವುದು ಅದರ ಕೆಲಸ. ಅದನ್ನು ಮುಚ್ಚಿದರು. ಐಟಿ ಬೆಳೆದು ಜಮೀನಿನ ಬೆಲೆ ಆಕಾಶಕ್ಕೆ ಏರಿದ ವರ್ಷಗಳಲ್ಲಿಯೇ ಹಳೇ ಕಟ್ಟಡಗಳ ಪರವಾಗಿ ಮಾತಾಡುವ ಸರ್ಕಾರಿ ಕುರ್ಚಿ ಖಾಲಿಯಾಯಿತು. ಆ ವರ್ಷಗಳ ನಷ್ಟವನ್ನು ಈಗ ತುಂಬಲು ಆಗುವುದಿಲ್ಲ. ಮುಂಬೈ ನೋಡಿ. ಅಲ್ಲಿ 1995ರಲ್ಲಿಯೇ ಪಾರಂಪರಿಕ ಕಟ್ಟಡಗಳಿಗೆ ನಗರ ಮಟ್ಟದ ನಿಯಮ ಬಂತು, ಪಟ್ಟಿ ಬಂತು, ದರ್ಜೆ ಬಂತು. ಅಲ್ಲಿಯೂ ಜಗಳ ಇದೆ, ನಷ್ಟ ಇದೆ. ಆದರೆ ಒಂದು ಕಟ್ಟಡ ಒಡೆಯುವ ಮೊದಲು ಯಾರನ್ನು ಕೇಳಬೇಕು ಎನ್ನುವುದು ಅಲ್ಲಿನ ಜನಕ್ಕೆ ಗೊತ್ತು.

ಉಳಿದದ್ದು ಹೇಗೆ ಉಳಿಯಿತು?

ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ನಮ್ಮ ಹೈಕೋರ್ಟ್, ಅಠಾರ ಕಚೇರಿ. 1868ರಲ್ಲಿ ಕಟ್ಟಿ ಮುಗಿಸಿದ್ದು. ವಿಧಾನಸೌಧ ಏಳುವವರೆಗೆ ಸರ್ಕಾರದ ಮುಖ್ಯ ಕಚೇರಿಗಳು ಇಲ್ಲಿದ್ದವು. 1980ರ ದಶಕದಲ್ಲಿ ಇದನ್ನು ಕೆಡವಿ ಹೊಸದು ಕಟ್ಟುವ ಯೋಚನೆ ಸರ್ಕಾರಕ್ಕೆ ಬಂದಿತ್ತು ಎಂದರೆ ಇವತ್ತು ನಂಬುವುದು ಕಷ್ಟ. ಊರಿನವರು ವಿರೋಧಿಸಿದರು. ನ್ಯಾಯಾಲಯಕ್ಕೆ ಹೋದರು. ಆ ನ್ಯಾಯಾಲಯ ಇದ್ದದ್ದೇ ಆ ಕಟ್ಟಡದಲ್ಲಿ. ಕಟ್ಟಡ ಉಳಿಯಿತು. ಬೆಂಗಳೂರಿನಲ್ಲಿ ಸಾಮಾನ್ಯ ಜನ ಒಂದು ಕಟ್ಟಡಕ್ಕಾಗಿ ಎದ್ದು ನಿಂತ ದೊಡ್ಡ ಸಂದರ್ಭ ಅದು. ಆಮೇಲಿನ ಎಷ್ಟೋ ಹೋರಾಟಗಳಿಗೆ ಧೈರ್ಯ ಬಂದದ್ದು ಅಲ್ಲಿಂದ.

2014ರಲ್ಲಿ ಬಾಲಬ್ರೂಯಿ ಅತಿಥಿಗೃಹವನ್ನು ಶಾಸಕರ ಕ್ಲಬ್ ಮಾಡುವ ಮಾತು ಬಂದಾಗ ಜನ ಬೀದಿಗಿಳಿದರು. 2016ರಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಸಂಸ್ಥೆಗೆ ಕೊಡುವ ಒಪ್ಪಂದಕ್ಕೆ ಕಲಾವಿದರು ಅಡ್ಡ ನಿಂತರು. ಅದೇ ವರ್ಷ ಬಸವೇಶ್ವರ ಸರ್ಕಲ್‌ನಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ವಿರುದ್ಧ ಜನ ಕೈ ಕೈ ಹಿಡಿದು ರಸ್ತೆ ಬದಿಯಲ್ಲಿ ನಿಂತರು. 6.7 ಕಿಲೋಮೀಟರ್, 1,791 ಕೋಟಿ ರೂಪಾಯಿಯ ಯೋಜನೆ ಅದು. ನೂರಾರು ಮರ ಹೋಗುತ್ತಿದ್ದವು. 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟಿತು. ಈಚೆಗೆ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಗೆ ಲಾಲ್‌ಬಾಗಿನ ಜಾಗವೂ ಬೇಕು ಎಂಬ ಸುದ್ದಿ ಬಂದಾಗ 2025ರಲ್ಲಿ ಮತ್ತೆ ಜನ ಸೇರಿದರು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಗಾಜಿನ ಮನೆಗೆ ಅಡಿಗಲ್ಲು ಇಟ್ಟದ್ದು 1889ರಲ್ಲಿ. ಬೆಳಗಿನ ನಡಿಗೆಗೆ ಬರುವವರು, ಆಗಸ್ಟ್ ಮತ್ತು ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ ಮಕ್ಕಳನ್ನು ಎತ್ತಿಕೊಂಡು ಬರುವವರು, ಎಲ್ಲರಿಗೂ ಅದು ಸ್ವಂತದ್ದು.

ಈ ಎಲ್ಲ ಹೋರಾಟಗಳಲ್ಲಿ ಒಂದು ಸಮಾನ ಅಂಶ ಇದೆ, ಗಮನಿಸಿದಿರಾ? ಎಲ್ಲವೂ ಸರ್ಕಾರದ ಆಸ್ತಿಗಳು ಅಥವಾ ಸಾರ್ವಜನಿಕ ರಸ್ತೆಗಳು. ಸಾರ್ವಜನಿಕರದ್ದು ಎಂದ ಮೇಲೆ ಕೇಳುವ ಹಕ್ಕು ಜನರಿಗೆ ಇತ್ತು. ಕಪಾಲಿಗೆ, ಕಾವೇರಿಗೆ ಯಾರೂ ಮಾನವ ಸರಪಳಿ ಮಾಡಲಿಲ್ಲ. ಅವು ಒಬ್ಬರ ಸ್ವಂತ ಆಸ್ತಿ. ನಿಮ್ಮ ಜಾಗ ನೀವು ಮಾರಬೇಡಿ ಎಂದು ಯಾವ ಬಾಯಿಂದ ಹೇಳುವುದು?

ಎಲ್ಲ ಹಳೇ ಗುರುತುಗಳೂ ಎಲ್ಲರಿಗೂ ಬೇಕಾದವು ಎಂದೂ ತಿಳಿಯಬೇಕಿಲ್ಲ. ಕಾರ್ಪೊರೇಷನ್ ಕಚೇರಿಯ ಎದುರು ಒಂದು ಸ್ಮಾರಕ ಸ್ತಂಭ ಇತ್ತು. 1791ರಲ್ಲಿ ಬೆಂಗಳೂರಿನ ಮೇಲೆ ದಾಳಿ ಮಾಡಿ ಸತ್ತ ಬ್ರಿಟಿಷ್ ಕಡೆಯ ಸೈನಿಕರ ನೆನಪಿಗೆ ನಿಲ್ಲಿಸಿದ್ದು. ಸೆನೋಟಾಫ್ ರಸ್ತೆ ಎಂಬ ಹೆಸರು ಅದರಿಂದ ಬಂದಿತ್ತು. 1964ರಲ್ಲಿ ಅದನ್ನು ತೆಗೆದರು. ರಸ್ತೆಗೆ ನೃಪತುಂಗ ಎಂಬ ಹೆಸರು ಬಂತು. ನಮ್ಮನ್ನು ಸೋಲಿಸಿದವರ ಸ್ಮಾರಕ ನಮ್ಮ ಊರಿನ ನಡುವೆ ಏಕಿರಬೇಕು ಎಂಬ ವಾದದಲ್ಲಿ ನ್ಯಾಯ ಇತ್ತು. ಒಡೆಯುವ ಬದಲು ಒಂದು ಮ್ಯೂಸಿಯಂಗೆ ಸಾಗಿಸಿದ್ದರೆ ಆ ಯುದ್ಧದ ಕಥೆ ಮಕ್ಕಳಿಗೆ ಹೇಳಲು ಒಂದು ಕಲ್ಲಾದರೂ ಇರುತ್ತಿತ್ತು ಎನ್ನುವ ವಾದದಲ್ಲಿಯೂ ನ್ಯಾಯ ಇದೆ. ನಾನು ಎರಡನೆಯದರ ಕಡೆಗೆ ಇದ್ದೇನೆ.

ಕಾನೂನಿಲ್ಲದೆ, ಹೋರಾಟವೂ ಇಲ್ಲದೆ ಉಳಿದ ಒಂದು ಪುಟ್ಟ ಜಾಗದ ಬಗ್ಗೆ ಹೇಳಲೇಬೇಕು. ಬೆಂಗಳೂರಿನ ಕೆರೆಗಳು ಏನಾದವು ಎನ್ನುವುದು ಎಲ್ಲರಿಗೂ ಗೊತ್ತು. ಧರ್ಮಾಂಬುಧಿ ಕೆರೆ ಇದ್ದ ಕಡೆ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಕೋರಮಂಗಲದಲ್ಲಿ ಕೆರೆಯ ಜಾಗದಲ್ಲಿ ರಾಷ್ಟ್ರೀಯ ಕ್ರೀಡಾಕೂಟದ ವಸತಿ ಸಮುಚ್ಚಯ ಎದ್ದಿತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಆದರೆ ಸಂಪಂಗಿ ಕೆರೆ ಪೂರ್ತಿ ಹೋಗಲಿಲ್ಲ. ಕ್ರೀಡಾಂಗಣದ ಪಕ್ಕ ಒಂದು ಚಿಕ್ಕ ಕುಂಟೆ ಉಳಿದಿದೆ. ಕಾರಣ ಕರಗ. ಧರ್ಮರಾಯನ ಗುಡಿಯ ಕರಗದ ವಿಧಿಗಳಿಗೆ ಆ ನೀರು ಬೇಕು. ತಿಗಳ ಸಮುದಾಯದವರು ವರ್ಷ ವರ್ಷ ಅಲ್ಲಿಗೆ ಬರುವುದನ್ನು ಬಿಡಲಿಲ್ಲ. ಹಾಗಾಗಿ ಅದನ್ನು ಮುಚ್ಚಲು ಯಾರಿಗೂ ಆಗಲಿಲ್ಲ. ಅವರು ಅಲ್ಲಿಗೆ ಬರುವುದು ಪರಂಪರೆಯ ಸಂರಕ್ಷಣೆಗೆ ಅಂತ ಅಲ್ಲ. ಅದು ಅವರ ಹಬ್ಬ, ಅವರ ದೇವರು. ಬಳಕೆ ನಿಲ್ಲದಿದ್ದರೆ ಜಾಗ ಉಳಿಯುತ್ತದೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಈ ಊರಿನಲ್ಲಿ ನನಗೆ ಸಿಕ್ಕಿಲ್ಲ.

ಮಾಲೀಕರ ಕಷ್ಟ

ಹಳೇ ಕಟ್ಟಡ ಹೋದಾಗ ಮಾಲೀಕರನ್ನು ಬೈಯುವುದು ಸುಲಭ. ಅವರ ಜಾಗದಲ್ಲಿ ನಿಂತು ನೋಡಿದರೆ ಲೆಕ್ಕ ಬೇರೆ ಕಾಣುತ್ತದೆ.

ಒಂದು ಪರದೆಯ ಥಿಯೇಟರ್ ಎಂದರೆ ಸಾವಿರದಷ್ಟು ಸೀಟು. ದೊಡ್ಡ ನಟನ ಸಿನಿಮಾ ಬಂದ ಮೊದಲ ವಾರ ಬಿಟ್ಟರೆ ಉಳಿದ ದಿನ ಅರ್ಧವೂ ತುಂಬುವುದಿಲ್ಲ. ಜನ ಮಾಲ್‌ಗಳ ಚಿಕ್ಕ ಪರದೆಗಳಿಗೆ ಹೋದರು, ಆಮೇಲೆ ಮನೆಯ ಸೋಫಾಗೆ ಹೋದರು. ಕೋವಿಡ್ ಬಂದು ತಿಂಗಳುಗಟ್ಟಲೆ ಬಾಗಿಲು ಮುಚ್ಚಿತು. ಅದೇ ಜಾಗ ಮಾರಿದರೆ, ಇಲ್ಲ ಬಿಲ್ಡರ್ ಜೊತೆ ಸೇರಿ ಕಟ್ಟಿದರೆ, ಥಿಯೇಟರ್ ಹತ್ತಾರು ವರ್ಷದಲ್ಲಿ ಗಳಿಸದ ಹಣ ಒಮ್ಮೆಗೇ ಬರುತ್ತದೆ. ನೆನಪು ನಮ್ಮದು, ಕರೆಂಟ್ ಬಿಲ್ಲು ಅವರದ್ದು.

ಮನೆಗಳದ್ದು ಇನ್ನೂ ಸೂಕ್ಷ್ಮ. ಬಸವನಗುಡಿಯಲ್ಲೋ ಮಲ್ಲೇಶ್ವರದಲ್ಲೋ ರಿಚ್ಮಂಡ್ ಟೌನ್‌ನಲ್ಲೋ ಅಜ್ಜ ಕಟ್ಟಿಸಿದ ಮನೆ. ಮುಂದೆ ಜಗಲಿ, ಕಿಟಕಿಯ ಮೇಲೆ ಮರದ ಚೂಪು ಸೂರು, ಮೇಲೆ ಮಂಗಳೂರು ಹೆಂಚು ಅಥವಾ ಮದ್ರಾಸ್ ಟೆರೇಸ್ ಎನ್ನುವ ಮರದ ತೊಲೆ, ಇಟ್ಟಿಗೆಯ ತಾರಸಿ. ಅಜ್ಜನಿಗೆ ಐದು ಮಕ್ಕಳು, ಆ ಐದು ಮಂದಿಗೆ ಹನ್ನೊಂದು ಮಕ್ಕಳು. ಅರ್ಧದಷ್ಟು ಜನ ಪರದೇಶದಲ್ಲಿ. ಪಾಲು ಮಾಡಬೇಕು ಎಂದಾಗ ಮನೆಯನ್ನು ಹನ್ನೊಂದು ತುಂಡು ಮಾಡಲು ಆಗುವುದಿಲ್ಲ, ಫ್ಲ್ಯಾಟ್‌ಗಳನ್ನು ಹಂಚಬಹುದು. ಬಿಲ್ಡರ್ ಜೊತೆ ಸೇರಿ ಕಟ್ಟುವ ಜಾಯಿಂಟ್ ಡೆವಲಪ್‌ಮೆಂಟ್ ಕರಾರಿಗೆ ಸಹಿ ಬೀಳುವುದು ದುರಾಸೆಯಿಂದ ಅಲ್ಲ, ಬಹಳ ಸಲ ಜಗಳ ತಪ್ಪಿಸಲು.

ದುರಸ್ತಿ ಕೂಡ ಸುಲಭ ಅಲ್ಲ. ಹಳೇ ಗೋಡೆಗಳು ಸುಣ್ಣದ ಗಾರೆಯವು. ಅವು ತೇವವನ್ನು ಹೀರಿ ಮತ್ತೆ ಹೊರಗೆ ಬಿಡುತ್ತವೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ನಿಂತು ಇಟ್ಟಿಗೆ ಪುಡಿಯಾಗುತ್ತದೆ. ಇದು ಗೊತ್ತಿಲ್ಲದೆ ಒಳ್ಳೇ ಮನಸ್ಸಿನಿಂದಲೇ ಮನೆ ಹಾಳು ಮಾಡಿಕೊಂಡವರು ಇದ್ದಾರೆ. ಸುಣ್ಣ ಅರೆದು ಗಾರೆ ಮಾಡುವ ಮೇಸ್ತ್ರಿಗಳು ಈಗ ಸಿಗುವುದು ಕಷ್ಟ, ಸಿಕ್ಕರೂ ಕೂಲಿ ಜಾಸ್ತಿ. ಈ ಖರ್ಚಿಗೆ ಸಾಲವಾಗಲಿ ಸಹಾಯಧನವಾಗಲಿ ಮಾಲೀಕರಿಗೆ ಸುಲಭವಾಗಿ ಸಿಗಬೇಕು.

ಇದಕ್ಕೆ ಒಂದು ದಾರಿ ಇದೆ. ಅಭಿವೃದ್ಧಿ ಹಕ್ಕಿನ ವರ್ಗಾವಣೆ, ಎಲ್ಲರೂ ಟಿಡಿಆರ್ ಎನ್ನುತ್ತಾರೆ. ನಿಮ್ಮ ಸೈಟಿನಲ್ಲಿ ನಿಯಮದ ಪ್ರಕಾರ ಇನ್ನೂ ನಾಲ್ಕು ಮಹಡಿ ಕಟ್ಟಬಹುದು ಎಂದಿಟ್ಟುಕೊಳ್ಳಿ. ನೀವು ಹಳೇ ಮನೆಯನ್ನು ಹಾಗೇ ಬಿಟ್ಟರೆ ಆ ನಾಲ್ಕು ಮಹಡಿಯ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಬಹುದು. ಮನೆಯೂ ಉಳಿಯಿತು, ಹಣವೂ ಬಂತು. ಮುಂಬೈನ 1995ರ ನಿಯಮದಲ್ಲಿ ಪಾರಂಪರಿಕ ಕಟ್ಟಡದ ಮಾಲೀಕರಿಗೆ ಈ ಅವಕಾಶ ಇತ್ತು. ನಮ್ಮಲ್ಲಿ ಟಿಡಿಆರ್ ಎಂದರೆ ಮೊದಲು ನೆನಪಾಗುವುದು ರಸ್ತೆ ಅಗಲೀಕರಣ. ಅರಮನೆ ಮೈದಾನದ 15 ಎಕರೆಗೂ ಜಾಸ್ತಿ ಜಾಗಕ್ಕೆ ಸುಮಾರು 3,000 ಕೋಟಿ ರೂಪಾಯಿ ಮೌಲ್ಯದ ಟಿಡಿಆರ್ ಕೊಡುವ ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದು ಇದಕ್ಕಾಗಿಯೇ. ರಸ್ತೆಗೆ ಜಾಗ ಬಿಟ್ಟವರಿಗೆ ಸಿಗುವ ಹಕ್ಕು, ಊರಿಗಾಗಿ ಮನೆ ಉಳಿಸಿಕೊಂಡವರಿಗೂ ಅಷ್ಟೇ ಸಲೀಸಾಗಿ ಸಿಗಬೇಕು. ಅದರ ಜೊತೆಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಕೊಡಬೇಕು, ಮನೆಯ ಒಂದು ಭಾಗದಲ್ಲಿ ಕೆಫೆಯೋ ಗ್ಯಾಲರಿಯೋ ನಡೆಸಲು ಸುಲಭದ ಪರವಾನಗಿ ಕೊಡಬೇಕು. ಬರೀ "ಒಡೆಯಬೇಡಿ" ಎಂಬ ನೋಟಿಸ್ ಕೊಟ್ಟರೆ ಮಾಲೀಕರು ಪಟ್ಟಿಗೆ ಹೆಸರು ಸೇರುವ ಮೊದಲೇ ಒಡೆಯುತ್ತಾರೆ.

ಸರ್ಕಾರದ ಕೈಯಲ್ಲಿ ಇರುವುದರ ಗತಿ

ಖಾಸಗಿ ಮಾಲೀಕರಿಗೆ ಕಾರಣಗಳಿವೆ. ಸರ್ಕಾರಕ್ಕೆ ಯಾವ ಕಾರಣ? ಲಾಲ್‌ಬಾಗಿನ ಒಳಗೇ ಇದ್ದ ಕ್ರುಂಬಿಗಲ್ ಹಾಲ್ 2017ರ ಮಳೆಯಲ್ಲಿ ಕುಸಿದು ಬಿತ್ತು. ಬಿಲ್ಡರ್ ಬಂದಿರಲಿಲ್ಲ, ಪಾಲಿನ ಜಗಳ ಇರಲಿಲ್ಲ, ರಸ್ತೆ ಅಗಲೀಕರಣ ಇರಲಿಲ್ಲ. ಸಕಾಲಕ್ಕೆ ದುರಸ್ತಿ ಮಾಡಿದ್ದರೆ ಸಾಕಿತ್ತು. ನನಗೆ ಥಿಯೇಟರ್‌ಗಳ ಸಾವಿಗಿಂತ ಈ ಥರದ ಸಾವು ಜಾಸ್ತಿ ಸಂಕಟ ಕೊಡುತ್ತದೆ.

ಸರ್ಕಾರ ಮನಸ್ಸು ಮಾಡಿದಾಗ ಚೆನ್ನಾಗಿಯೂ ಆಗಿದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ. ಹಳೇ ಮನೆಯ ಪಕ್ಕ ಹೊಸ ಕಟ್ಟಡ ಬಂದಿದೆ, ಮರಗಳು ಹಾಗೇ ಇವೆ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಇಟ್ಟಿದ್ದ ಕೇಂದ್ರ ಕಾರಾಗೃಹ ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಹಳೇ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಕಾವಲು ಗೋಪುರ, ಕೆಲವು ಬ್ಯಾರಕ್‌ಗಳು ಉಳಿದಿವೆ. ಈಗ ಅಂಗನವಾಡಿ ಕಾರ್ಯಕರ್ತೆಯರಿಂದ ಹಿಡಿದು ಸಾರಿಗೆ ನೌಕರರವರೆಗೆ ರಾಜ್ಯದ ಜನ ಧರಣಿ ಕೂರುವುದು ಅಲ್ಲೇ. ಕಲ್ಲು ಕಟ್ಟಡಕ್ಕೆ ಹೊಸ ಬಳಕೆ, ಹೊಸ ನೆನಪು ಎರಡೂ ಸಿಕ್ಕಿವೆ.

1927ರ ರಸೆಲ್ ಮಾರ್ಕೆಟ್ 2012ರ ಬೆಂಕಿಯಲ್ಲಿ ಸುಟ್ಟಾಗ ವ್ಯಾಪಾರಿಗಳೇ ಮುಂದೆ ನಿಂತು ಅಂಗಡಿಗಳನ್ನು ಮತ್ತೆ ಕಟ್ಟಿಕೊಂಡರು. ಅವರಿಗೆ ಅದು ಪರಂಪರೆಗಿಂತ ಮೊದಲು ಅನ್ನ. ಅದಕ್ಕೇ ಉಳಿಯಿತು.

ಯಾರ ನೆನಪಿಗೆ ಬೆಲೆ?

ಇಲ್ಲಿ ಒಂದು ಅಸಮಾಧಾನ ಹೇಳಿಬಿಡಬೇಕು. ಬೆಂಗಳೂರಿನ ಹಳೇ ನೆನಪು ಎಂದಾಗ ಪತ್ರಿಕೆಗಳಲ್ಲಿ, ಕಾಫಿ ಟೇಬಲ್ ಪುಸ್ತಕಗಳಲ್ಲಿ ಬರುವುದು ಜಾಸ್ತಿ ದಂಡಿನ ಬೆಂಗಳೂರು. ಬಂಗಲೆ, ಕ್ಲಬ್, ಎಂ.ಜಿ. ರಸ್ತೆ. ಅವೂ ಬೇಕು, ತಕರಾರಿಲ್ಲ. ಆದರೆ ಕಾಟನ್‌ಪೇಟೆ, ಬಿನ್ನಿಪೇಟೆ, ಜಾಲಹಳ್ಳಿ, ಮಾಗಡಿ ರಸ್ತೆಯ ಜನರ ನೆನಪು ಎಲ್ಲಿ?

ಬಿನ್ನಿ ಮಿಲ್ ಎಂದು ಎಲ್ಲರೂ ಕರೆಯುವ ಬೆಂಗಳೂರು ವುಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ 1884ರಲ್ಲಿ ಶುರುವಾಯಿತು. ತಲೆಮಾರುಗಳ ಕುಟುಂಬಗಳು ಅದರ ಸೈರನ್ನಿಗೆ ಎದ್ದು ಮಲಗಿವೆ. ಈಗ ಅಲ್ಲಿ ಅಪಾರ್ಟ್‌ಮೆಂಟ್‌ಗಳಿವೆ. ಮಲ್ಲೇಶ್ವರದ ರಾಜಾ ಮಿಲ್ ಇದ್ದ ಕಡೆ ಮಂತ್ರಿ ಸ್ಕ್ವೇರ್ ಮಾಲ್ ಬಂತು. ಮೆಟ್ರೋ ನಿಲ್ದಾಣಕ್ಕೂ ಮಾಲ್‌ನ ಹೆಸರೇ ಬಂತು. ಅದೇ ಹಸಿರು ಮಾರ್ಗದಲ್ಲಿ ನಾಲ್ಕಾರು ನಿಲ್ದಾಣ ಮುಂದೆ ಹೋದರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎಂಬ ನಿಲ್ದಾಣ ಇದೆ. ಅಲ್ಲಿ ಇಳಿಯುವವರಿಗೆ ಕಾರ್ಖಾನೆಯ ಹೆಸರು ದಿನಾ ಕಿವಿಗೆ ಬೀಳುತ್ತದೆ. ರಾಜಾ ಮಿಲ್ಲಿನಲ್ಲಿ ದುಡಿದವರಿಗೆ ಅಷ್ಟೂ ಸಿಗಲಿಲ್ಲ.

ಎಚ್‌ಎಂಟಿ 1961ರಲ್ಲಿ ಗಡಿಯಾರ ಮಾಡಲು ಶುರು ಮಾಡಿದ್ದು ಬೆಂಗಳೂರಿನಲ್ಲಿ. ದೇಶದ ಎಷ್ಟೋ ಮದುವೆಗಳಲ್ಲಿ ಅಳಿಯನಿಗೆ ಕೊಟ್ಟ ಗಡಿಯಾರ ಜಾಲಹಳ್ಳಿಯಲ್ಲಿ ತಯಾರಾದದ್ದು. ಆ ಗಡಿಯಾರ ಕಾರ್ಖಾನೆಗಳು ಮುಚ್ಚಿದವು. ಒಂದು ಒಳ್ಳೆಯ ಕೆಲಸ ಆಯಿತು. 2019ರಲ್ಲಿ ಅಲ್ಲಿ ಎಚ್‌ಎಂಟಿ ಹೆರಿಟೇಜ್ ಮ್ಯೂಸಿಯಂ ತೆರೆಯಿತು. ಯಂತ್ರಗಳು, ಹಳೇ ಮಾದರಿಗಳು ನೋಡಲು ಸಿಗುತ್ತವೆ. ಬಲ್ಬ್ ಮಾಡುತ್ತಿದ್ದ ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಜಾಗ ಸರ್ಕಾರದ್ದು, ಹಳೇ ಶೆಡ್‌ಗಳು ಇವೆ, ದೊಡ್ಡ ಮರಗಳಿವೆ. ಅದನ್ನು ಜನರಿಗೆ ತೆರೆಯುವ ಯೋಜನೆಯ ಮಾತು ವರ್ಷಗಳಿಂದ ಇದೆ. ಅಲ್ಲಿ ಕೆಲಸ ಮಾಡಿದವರು ಬದುಕಿರುವಾಗಲೇ ಅದು ಆದರೆ ಅವರ ಬಾಯಿಂದಲೇ ಕಥೆ ಕೇಳಿ ಗೋಡೆಗೆ ಬರೆಯಬಹುದು. ಬಲ್ಬಿನೊಳಗೆ ತಂತಿ ಹೇಗೆ ಕೂರಿಸುತ್ತಿದ್ದರು ಎನ್ನುವುದು ಯಾವ ಕಡತದಲ್ಲಿಯೂ ಸಿಗುವ ವಿಷಯವಲ್ಲ.

ಥಿಯೇಟರ್ ಕೂಡ ಹೀಗೆಯೇ ಬಡವರ ನೆನಪು. ಗಾಂಧಿನಗರದ ಥಿಯೇಟರ್‌ಗಳ ಮುಂದೆ ಕಟೌಟ್ ಕಟ್ಟಿದವರು, ಹಾರ ಹಾಕಿದವರು, ಸೈಕಲ್ ಸ್ಟ್ಯಾಂಡ್ ನಡೆಸಿದವರು, ಪ್ರೊಜೆಕ್ಟರ್ ರೂಮಿನಲ್ಲಿ ರೀಲು ಬದಲಿಸಿದವರು. ಕನ್ನಡ ಚಿತ್ರರಂಗ ಬೆಳೆದದ್ದು ಇವರ ದುಡಿಮೆಯ ಮೇಲೂ. ಒಂದೇ ಒಂದು ಹಳೇ ಥಿಯೇಟರನ್ನಾದರೂ ಸರ್ಕಾರ ಕೊಂಡು ಕನ್ನಡ ಸಿನಿಮಾದ ಮ್ಯೂಸಿಯಂ ಮಾಡಬೇಕು. ಹಳೇ ಚಿತ್ರಗಳನ್ನು ಅದೇ ಪರದೆಯ ಮೇಲೆ ತೋರಿಸಬೇಕು. ಕಪಾಲಿ ಇದ್ದಾಗಲೇ ಇದು ಆಗಬಹುದಿತ್ತು.

ಬರೆದಿಡುವ ಕೆಲಸ

ಎಲ್ಲವನ್ನೂ ಉಳಿಸಲು ಆಗುವುದಿಲ್ಲ, ಉಳಿಸಬೇಕಾಗಿಯೂ ಇಲ್ಲ. ಆದರೆ ಹೋಗುವುದನ್ನು ಬರೆದಿಡಬಹುದು. ಶಾಸನತಜ್ಞ ಬಿ.ಎಲ್. ರೈಸ್ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು 1905ರಲ್ಲಿ ಪ್ರಕಟಿಸಿದರು. ಆಮೇಲೆ ಎಷ್ಟೋ ಕಲ್ಲುಗಳು ರಸ್ತೆ, ಮನೆ, ಚರಂಡಿಗಳ ಅಡಿ ಹೋದವು. ಕಲ್ಲು ಹೋದರೂ ಬರಹ ಉಳಿದಿದೆ. ಈಚೆಗೆ ಕೆಲವು ಉತ್ಸಾಹಿ ಬೆಂಗಳೂರಿಗರು ಇತಿಹಾಸದ ಸಂಶೋಧನೆ ಮಾಡುವ ಮಿಥಿಕ್ ಸೊಸೈಟಿಯ ಜೊತೆ ಸೇರಿ ಉಳಿದ ಶಾಸನಗಳನ್ನು ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು ಎಂದು ಗುರುತಿಸಿದ್ದಾರೆ. ಕಿತ್ತಯ್ಯ ಎಂಬ ವೀರನ ಕಲ್ಲು ಅದು. ಕೆಂಪೇಗೌಡರಿಗಿಂತ ಸುಮಾರು ಎಂಟು ಶತಮಾನ ಹಿಂದಿನದು. ಕಂಡವರು ಸುಮ್ನೆ ಇರಲಿಲ್ಲ, ಅದಕ್ಕೇ ಅದು ಇದೆ.

ಕಟ್ಟಡಗಳಿಗೂ ಇದೇ ಕೆಲಸ ಬೇಕು. ಬೀದಿಯ ಹಿರಿಯರನ್ನು ಕೂರಿಸಿಕೊಂಡು ಕೇಳಬೇಕು. ಯಾರು ಕಟ್ಟಿಸಿದರು, ಮೇಸ್ತ್ರಿ ಯಾರು, ಕಲ್ಲು ಎಲ್ಲಿಂದ ಬಂತು, ಮೊದಲು ಏನಿತ್ತು. ಹಳೇ ಫೋಟೋ ಇದ್ದರೆ ವರ್ಷ, ಜಾಗ ಬರೆದು ಇಡಬೇಕು. ನೆನಪುಗಳಲ್ಲಿ ತಪ್ಪು ಇರುತ್ತದೆ. ಒಬ್ಬರು 1952 ಎಂದರೆ ಇನ್ನೊಬ್ಬರು 1958 ಎನ್ನುತ್ತಾರೆ. ಕ್ರಯಪತ್ರ, ಕಾರ್ಪೊರೇಷನ್ ಕಂದಾಯದ ರಸೀದಿ, ಮದುವೆ ಕರೆಯೋಲೆಯ ವಿಳಾಸ ಇವುಗಳಿಂದ ತಾಳೆ ನೋಡಬಹುದು. ಪಾರಂಪರಿಕ ಪಟ್ಟಿಗೆ ಹೆಸರು ಸೇರಿಸಿ ಎಂದು ಕೇಳಲು ಹೋದಾಗ ಇಂಥ ದಾಖಲೆ ಕೈಯಲ್ಲಿದ್ದರೆ ಅಧಿಕಾರಿ ಇಲ್ಲ ಎನ್ನುವುದು ಕಷ್ಟ. ಕಣ್ಣೀರಿಗೆ ಕಡತದಲ್ಲಿ ಜಾಗ ಇಲ್ಲ, ಕಾಗದಕ್ಕೆ ಇದೆ.

ಇದನ್ನು ಈಗಲೇ ಮಾಡಬೇಕು ಎನ್ನಲು ಕಾರಣ ಇದೆ. ಬೆಂಗಳೂರು ಇವತ್ತಿಗೂ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆ ಪಡೆದ, 2015ಕ್ಕೆ ಎಂದು ಮಾಡಿದ ಮಾಸ್ಟರ್ ಪ್ಲಾನ್ ಮೇಲೆ. 2031ರ ಕರಡು 2017ರಲ್ಲಿ ಬಂದು ವಾಪಸ್ ಹೋಯಿತು. ಹೊಸದು ಬರಲೇಬೇಕು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದಿದೆ, ಐದು ನಗರಪಾಲಿಕೆಗಳಾಗಿವೆ. ಹೊಸ ಕಚೇರಿ, ಹೊಸ ಅಧಿಕಾರಿಗಳು, ಹೊಸ ಕಡತಗಳು. ಪಾರಂಪರಿಕ ಪಟ್ಟಿ ಯಾರ ಮೇಜಿನ ಮೇಲೆ ಇರುತ್ತದೆ ಎನ್ನುವುದು ಈ ಹೊತ್ತಿನಲ್ಲಿಯೇ ಗಟ್ಟಿಯಾಗಬೇಕು. ಪ್ರತಿ ಪಾಲಿಕೆಯೂ ತನ್ನ ವಾರ್ಡ್‌ಗಳಲ್ಲಿ ಜನರನ್ನು ಕರೆದು ಪಟ್ಟಿ ಮಾಡಿಸಬೇಕು. ಆ ಪಟ್ಟಿಯಲ್ಲಿ ಐವತ್ತು ವರ್ಷದ ಥಿಯೇಟರಿಗೂ ಜಾಗ ಇರಬೇಕು, ಮಿಲ್ಲಿನ ಗೇಟಿಗೂ ಇರಬೇಕು, ಕರಗದ ಕುಂಟೆಗೂ ಇರಬೇಕು. ಕರಡು ಯೋಜನೆ ಪ್ರಕಟವಾದಾಗ ಆಕ್ಷೇಪಣೆ, ಸಲಹೆ ಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಅದಕ್ಕೆ ಸಿಗುವ ಸಮಯ ಕಮ್ಮಿ. ನಿಮ್ಮ ಬೀದಿಯ ಪಟ್ಟಿ ಆ ಹೊತ್ತಿಗೆ ಸಿದ್ಧ ಇರಬೇಕು, ಸರ್ವೆ ನಂಬರ್ ಸಮೇತ.